ಬಾಗಿಲ ಕಡೆ ನೋಡುತ್ತಿದ್ದ ಮಗು

(ಬೇರೆ ದೇಶದಿಂದ ಮಗುವನ್ನು ದತ್ತು ತೆಗೆದುಕೊಳ್ಳಲು ಕಾಯುತ್ತಿರುವ ಅಪ್ಪ ಅಮ್ಮಂದಿರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ತುಂಬಾ ಜನರ ಫೋನಿನಲ್ಲಿ ಒಂದು ಫೋಟೋ ಇದೆ ಅಂತ ನನಗೆ ಗೊತ್ತು. ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತೀರಿ, ಅಲ್ವಾ? ನಾನೂ ಏಳು ತಿಂಗಳು ಒಂದೇ ಫೋಟೋ ನೋಡಿದವಳು. ಆ ಹುಬ್ಬು, ಆ ತುಟಿ, ಕಿವಿಯ ಹತ್ತಿರದ ಸಣ್ಣ ಮಚ್ಚೆ, ಎಲ್ಲ ಬಾಯಿಪಾಠವಾಗಿತ್ತು. ಹಟಮಾರಿ ಇರಬೇಕು, ಆದರೆ ಮನಸ್ಸು ಮೃದು ಅಂತ ನಾನೇ ಅವನಿಗೊಂದು ಸ್ವಭಾವವನ್ನೂ ಕೊಟ್ಟುಬಿಟ್ಟಿದ್ದೆ. ಹೋಗುವ ಹೊತ್ತಿಗೆ ಈ ಮಗು ನನಗೆ ಚೆನ್ನಾಗಿ ಗೊತ್ತು ಅನ್ನಿಸಿತ್ತು.

ಅವನಿಗೆ ನಾನು ಗೊತ್ತಿರಲಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ನಾವು ಕಳಿಸಿದ ಆಲ್ಬಮ್ ಅವನ ಕೈಗೆ ತಲುಪಿಯೇ ಇರಲಿಲ್ಲ ಅಂತ ಆಮೇಲೆ ತಿಳಿಯಿತು.

ಆ ದಿನದ ಬಗ್ಗೆ ಹೇಳುತ್ತೇನೆ. ಯಾವ ದೇಶ, ಯಾವ ಊರು, ಮಗನ ಹೆಸರೇನು ಅಂತ ಹೇಳುವುದಿಲ್ಲ. ಅದು ಅವನ ಕತೆ. ಅವನಿಗೆ ಈಗ 14 ವರ್ಷ. ಯಾರಿಗೆ ಎಷ್ಟು ಹೇಳಬೇಕು ಅನ್ನುವುದನ್ನು ಅವನೇ ತೀರ್ಮಾನ ಮಾಡುತ್ತಾನೆ. ಇವತ್ತು ನಾನು ಹೇಳುವ ಎರಡು ಮೂರು ಸಂಗತಿಗಳನ್ನು ಅವನನ್ನು ಕೇಳಿಕೊಂಡೇ ಬಂದಿದ್ದೇನೆ.

ಆಗ ಅವನಿಗೆ 3 ವರ್ಷ. ಒಂದು ಕಚೇರಿಯ ಕೋಣೆ. ಗೋಡೆಯ ಪಕ್ಕಕ್ಕೆ ಸಾಲಾಗಿ ಕುರ್ಚಿಗಳು. ನಾನು, ನಮ್ಮ ಮನೆಯವರು ಅರ್ಧ ಗಂಟೆ ಮುಂಚೆಯೇ ಹೋಗಿ ಕೂತಿದ್ದೆವು. ಬಾಗಿಲು ತೆರೆಯಿತು. ಆಯಾ ಒಬ್ಬರು ಅವನ ಕೈ ಹಿಡಿದುಕೊಂಡು ಬಂದರು. ಅವನು ಕಂದು ಬಣ್ಣದ ಸ್ವೆಟರ್ ಹಾಕಿದ್ದ. ತೋಳು ತೀರಾ ಉದ್ದ, ಬೆರಳ ತುದಿ ಮಾತ್ರ ಕಾಣುತ್ತಿತ್ತು. ಆಯಾ ಮಂಡಿಯೂರಿ ಕೂತು ತೋಳನ್ನು ಒಂದು ಸುತ್ತು ಮಡಿಸಿದರು. ಇನ್ನೊಂದು ಸುತ್ತು ಮಡಿಸಿದರು. ಆಮೇಲೆ ಅದನ್ನು ಬಿಚ್ಚಿ ಮತ್ತೆ ಮೊದಲಿಂದ ಮಡಿಸಿದರು. ಕೆಲಸ ಯಾವಾಗಲೋ ಮುಗಿದಿತ್ತು, ಅವರ ಕೈ ಮಾತ್ರ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ಏನೋ ಹೇಳಿದರು. ಆಯಾ ಎದ್ದು ಹಿಂದಿನ ಬಾಗಿಲಿಂದ ಹೊರಟುಹೋದರು. ಮಗುವಿಗೆ ಹೇಳಿ ಹೋಗಲಿಲ್ಲ. ಹೇಳಿದರೆ ಅಳುತ್ತಾನೆ ಅಂತ ಅವರಿಗೆ ಮೊದಲೇ ಹೇಳಿಟ್ಟಿದ್ದರಂತೆ.

ಮಗು ಅಳಲಿಲ್ಲ. ಬಾಗಿಲ ಕಡೆ ನೋಡುತ್ತಾ ನಿಂತ.

ಆ ವಿಡಿಯೋ ನಮ್ಮ ಹತ್ತಿರ ಇನ್ನೂ ಇದೆ. ನಾನು ನೆಲದ ಮೇಲೆ ಕೂತು ಎರಡೂ ಕೈ ಚಾಚಿದ್ದೇನೆ. ನಗುತ್ತಿದ್ದೇನೆ, ಅಳುತ್ತಲೂ ಇದ್ದೇನೆ. ಹಿಂದೆ ನಮ್ಮ ಮನೆಯವರ ದನಿ ನಡುಗುತ್ತಿದೆ. ವರ್ಷಗಟ್ಟಲೆ ನಾನು ಅದರಲ್ಲಿ ನನ್ನನ್ನೇ ನೋಡಿಕೊಂಡು ಖುಷಿಪಟ್ಟಿದ್ದೆ. ಅವನಿಗೆ ಏಳೆಂಟು ವರ್ಷ ಆದಾಗ ಒಂದು ದಿನ ಇಬ್ಬರೂ ಕೂತು ನೋಡಿದೆವು. ಅವನು ಪರದೆಯ ಮೇಲೆ ಬೆರಳಿಟ್ಟು ಕೇಳಿದ, "ನಾನು ಯಾಕೆ ಆ ಕಡೆ ನೋಡ್ತಿದ್ದೀನಿ?" ಅವತ್ತೇ ನಾನು ಮೊದಲ ಸಲ ಅವನ ಮುಖ ಸರಿಯಾಗಿ ನೋಡಿದ್ದು. ಹನ್ನೊಂದು ನಿಮಿಷದ ವಿಡಿಯೋ. ಅಷ್ಟೂ ಹೊತ್ತು ಅವನು ಬಾಗಿಲನ್ನೇ ನೋಡುತ್ತಿದ್ದಾನೆ.

ನನಗೆ ಅದು ಮಗು ಸಿಕ್ಕಿದ ದಿನ. ಅವನಿಗೆ ಆಯಾ ಕಳೆದುಹೋದ ದಿನ. ಇವತ್ತು ನಾನು ಇಲ್ಲಿಗೆ ಬಂದಿರುವುದು ಇದೊಂದು ಮಾತು ಹೇಳುವುದಕ್ಕೆ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಇಂಗ್ಲಿಷ್ ಆಡುವ ಕುಟುಂಬಗಳಲ್ಲಿ ಈ ದಿನವನ್ನು ‘ಗಾಚಾ ಡೇ’ ಅಂತ ಕರೆದು ವರ್ಷ ವರ್ಷ ಕೇಕ್ ಕತ್ತರಿಸುವ ರೂಢಿ ಬೆಳೆದಿತ್ತು. ‘ಸಿಕ್ಕಿಬಿಟ್ಟೆ ನೋಡು’ ಅಂದ ಹಾಗೆ. ದತ್ತು ಹೋಗಿ ಬೆಳೆದು ದೊಡ್ಡವರಾದ ಎಷ್ಟೋ ಜನ, ದಯವಿಟ್ಟು ಆ ಹೆಸರು ಬೇಡ ಅಂದಿದ್ದಾರೆ. ಅವರ ಮಾತನ್ನು ಕೇಳಬೇಕು. ಆ ದಿನ ಏನಾಯಿತು ಅಂತ ನಮಗಿಂತ ಅವರಿಗೆ ಜಾಸ್ತಿ ಗೊತ್ತು.

ನಿಮ್ಮಲ್ಲಿ ಕೆಲವರಿಗೆ ಒಂದು ಕೋಪ ಇದೆ. ಇಷ್ಟು ಕಾಯಿಸುತ್ತಾರೆ, ಮೊದಲೇ ಒಂದು ಸಲ ಹೋಗಿ ನೋಡಿಕೊಂಡು ಬರುವುದಕ್ಕೆ ಬಿಡಬಾರದಾ ಅಂತ. ಹಾಗೆ ಬಿಡದೆ ಇರುವುದಕ್ಕೆ ಕಾರಣ ಇದೆ. 1993ರ ಮೇ 29ರಂದು ಹೇಗ್ ನಗರದಲ್ಲಿ ಅಂತರದೇಶೀಯ ದತ್ತು ಒಪ್ಪಂದ ಆಯಿತು. 1995ರಿಂದ ಜಾರಿಯಲ್ಲಿದೆ. ಈಗ ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಮೊದಲು ಮಗುವಿಗೆ ಅದರ ದೇಶದಲ್ಲೇ ಮನೆ ಹುಡುಕಬೇಕು, ಸಿಗದಿದ್ದರೆ ಮಾತ್ರ ಹೊರದೇಶ ಅನ್ನುತ್ತದೆ ಅದು. ಹೆತ್ತವರ ಒಪ್ಪಿಗೆಯನ್ನು ದುಡ್ಡು ಕೊಟ್ಟು ಪಡೆದಿರಬಾರದು. ತಾಯಿಯ ಒಪ್ಪಿಗೆ ಬೇಕಾದಲ್ಲಿ ಅದನ್ನು ಹೆರಿಗೆ ಆದ ಮೇಲೆಯೇ ತೆಗೆದುಕೊಳ್ಳಬೇಕು. ಅದರ 29ನೇ ವಿಧಿ ನಮಗೆ ನೇರವಾಗಿ ಸಂಬಂಧಪಟ್ಟದ್ದು. ಈ ಒಪ್ಪಿಗೆಗಳೆಲ್ಲ ಸರಿಯಾಗಿ ಆಗುವ ತನಕ ದತ್ತು ತೆಗೆದುಕೊಳ್ಳುವವರು ಮಗುವಿನ ಹೆತ್ತವರನ್ನಾಗಲಿ, ಸಾಕುತ್ತಿರುವವರನ್ನಾಗಲಿ ಸಂಪರ್ಕಿಸುವ ಹಾಗಿಲ್ಲ. ಬಂಧುಗಳೊಳಗಿನ ದತ್ತು ಅಂಥ ಕೆಲವು ಸಂದರ್ಭಕ್ಕೆ ಮಾತ್ರ ವಿನಾಯಿತಿ.

ಯಾಕೆ ಇಷ್ಟು ಬಿಗಿ ಅಂದರೆ, ಬಿಗಿ ಇಲ್ಲದ ಕಾಲದಲ್ಲಿ ಆಗಬಾರದ್ದೆಲ್ಲ ಆಗಿದೆ. ಕೊರಿಯಾ ಯುದ್ಧ ಮುಗಿದ ಮೇಲೆ, 1950ರ ದಶಕದಿಂದ, ದಕ್ಷಿಣ ಕೊರಿಯಾ ಒಂದರಿಂದಲೇ ಲಕ್ಷಗಟ್ಟಲೆ ಮಕ್ಕಳು ಹೊರದೇಶಗಳಿಗೆ ಹೋದರು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸತ್ಯ ಮತ್ತು ಸಮನ್ವಯ ಆಯೋಗ ಒಂದು ವರದಿ ಕೊಟ್ಟಿತು. ಹೆತ್ತವರು ಬದುಕಿದ್ದರೂ ಮಕ್ಕಳನ್ನು ಅನಾಥರು ಅಂತ ದಾಖಲೆ ಮಾಡಿ ಕಳಿಸಿದ್ದು ನಿಜ ಅಂದಿತು. 2004ರ ಹೊತ್ತಿಗೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 45,000 ಮಕ್ಕಳು ಹೀಗೆ ಗಡಿ ದಾಟುತ್ತಿದ್ದರು. ಆಮೇಲೆ ಇಳಿಯುತ್ತಾ ಬಂತು. 2018ರಲ್ಲಿ ಇಥಿಯೋಪಿಯಾ ನಿಲ್ಲಿಸಿತು. 2024ರಲ್ಲಿ, ಬಂಧುಗಳ ಮಕ್ಕಳ ವಿಷಯ ಬಿಟ್ಟರೆ, ಚೀನಾ ಕೂಡ ನಿಲ್ಲಿಸಿತು. ಹಾಗಾಗಿ ಕಾಗದ ನಿಧಾನ ಆಯಿತು ಅಂತ ಸಂಕಟ ಆದಾಗ ಒಂದು ಕ್ಷಣ ಆ ಕಡೆಯ ತಾಯಿಯನ್ನು ನೆನೆಸಿಕೊಳ್ಳಿ. ಆ ನಿಧಾನ ಅವಳಿಗೋಸ್ಕರ.

ಭೇಟಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ಹಲವು ದಿನ ಹೋಗಿ ಬಂದು, ಮಗು ಸ್ವಲ್ಪ ಹೊಂದಿಕೊಂಡ ಮೇಲೆ ಒಪ್ಪಿಸುತ್ತಾರೆ. ಇನ್ನು ಕೆಲವು ಕಡೆ ಬಾಗಿಲು ತೆಗೆದು ಮಗುವನ್ನು ಕೈಗೆ ಕೊಡುವುದು, ಅಷ್ಟೇ. ಕೊರಿಯಾದ ಎಷ್ಟೋ ಮಕ್ಕಳು ಸಾಕುತಾಯಿಯ ಮನೆಯಲ್ಲಿ ಬೆಳೆದು ಬಂದವರು. ಅಂಥ ಮಗುವಿಗೆ ಬಿಟ್ಟುಬರುವುದು ಒಂದು ಸಂಸ್ಥೆಯನ್ನಲ್ಲ, ಸಾಕ್ಷಾತ್ ಅಮ್ಮನನ್ನೇ. ನಿಮ್ಮ ಮಗು ಎಲ್ಲಿಂದ ಬಂದರೂ ಸರಿ, ಒಂದು ವಿಷಯ ಕೇಳಿಕೊಳ್ಳಿ. ಇಷ್ಟು ದಿನ ನೋಡಿಕೊಂಡವರು ಮಗುವಿಗೆ ಮುಖ ಕೊಟ್ಟು, ಅದರ ಭಾಷೆಯಲ್ಲಿ, ‘ನಾನು ಹೋಗ್ತೀನಿ, ಇನ್ಮೇಲೆ ನಿನ್ನನ್ನು ಇವರು ನೋಡ್ಕೋತಾರೆ’ ಅಂತ ಹೇಳಿ ಹೋಗಲಿ. ಮಗು ಅಳುತ್ತದೆ. ಅಳಲಿ. ಹೇಳದೆ ಮಾಯವಾದರೆ, ಕಣ್ಣು ಮಿಟುಕಿಸಿದರೆ ಸಾಕು, ಜನ ಇರುವುದಿಲ್ಲ ಅಂತ ಮಗು ಕಲಿಯುತ್ತದೆ. ನನ್ನ ಮಗ ಮೂರು ವರ್ಷ ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂತಿರುತ್ತಿದ್ದ.

ಈಗ ಆ ಸ್ವೆಟರ್ ವಿಷಯ.

ಅವತ್ತು ರಾತ್ರಿ ಕೋಣೆಗೆ ಕರೆದುಕೊಂಡು ಹೋಗಿ ಸ್ನಾನ ಮಾಡಿಸಿದೆ. ಹೊಸ ಬಟ್ಟೆ ಹಾಕಿದೆ. ಸ್ವೆಟರಿಗೆ ಹೊಗೆಯ ವಾಸನೆ, ಹಳೇ ಹಾಲಿನ ವಾಸನೆ, ಇನ್ನೇನೋ ಒಂದು ವಾಸನೆ ಇತ್ತು. ಚೆನ್ನಾಗಿ ಸೋಪು ಹಚ್ಚಿ ತೊಳೆದು ಒಣಗಲು ಹಾಕಿದೆ. ಒಳ್ಳೇ ಅಮ್ಮ ಮಾಡುವ ಕೆಲಸ ಅಂತಲೇ ಮಾಡಿದ್ದು. ಬೆಳಿಗ್ಗೆ ಎದ್ದು ಅವನು ಕೋಣೆಯೆಲ್ಲ ಹುಡುಕಿದ. ತೆಗೆದು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡ. ತಿರುಗಿಸಿ ಇನ್ನೊಂದು ಕಡೆ ಮೂಸಿದ. ತೋಳಿನೊಳಗೆ ಮೂಗು ತೂರಿಸಿ ಮೂಸಿದ. ಆಮೇಲೆ ಅದನ್ನು ನೆಲಕ್ಕೆ ಬಿಟ್ಟ. ಎಸೆಯಲಿಲ್ಲ, ಸುಮ್ನೆ ಕೈ ಬಿಟ್ಟ. ಮತ್ತೆ ಯಾವತ್ತೂ ಅದನ್ನು ಮುಟ್ಟಲಿಲ್ಲ.

ಅಲ್ಲಿಂದ ಅವನು ತಂದಿದ್ದು ಅದೊಂದೇ. ನಾನು ಅದನ್ನು ಒಂದು ಬಕೆಟ್ ನೀರಿನಲ್ಲಿ ತೊಳೆದುಬಿಟ್ಟೆ. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ದಯವಿಟ್ಟು ತೊಳೆಯಬೇಡಿ. ಬಟ್ಟೆಯಿರಲಿ, ಹೊದಿಕೆಯಿರಲಿ, ಒಂದು ಹರಕು ಗೊಂಬೆಯಿರಲಿ, ಕೊಳೆಯಾಗಿದ್ದರೂ ಹಾಗೇ ಇರಲಿ. ಆಗುವುದಾದರೆ ಒಂದು ಹೊದಿಕೆಯನ್ನು ಕೆಲವು ರಾತ್ರಿ ನೀವು ಹೊದ್ದು, ತೊಳೆಯದೆ, ಮುಂಚೆಯೇ ಕಳಿಸಿಕೊಡಿ. ನಿಮ್ಮ ವಾಸನೆ ನಿಮಗಿಂತ ಮೊದಲು ಹೋಗಿ ಸೇರಲಿ. ಇನ್ನೊಂದು ವಿಷಯ, ಬಟ್ಟೆ ಕೊಳ್ಳುವಾಗ ವಯಸ್ಸು ನೋಡಿ ಕೊಳ್ಳಬೇಡಿ. ಸಂಸ್ಥೆಯಲ್ಲಿ ಕಳೆದ ಸುಮಾರು ಮೂರು ತಿಂಗಳಿಗೆ ಒಂದು ತಿಂಗಳಷ್ಟು ಬೆಳವಣಿಗೆ ಹಿಂದೆ ಬೀಳುತ್ತದೆ ಅಂತ ಇಂಥ ಮಕ್ಕಳನ್ನು ನೋಡುವ ವೈದ್ಯರು ಲೆಕ್ಕ ಹಾಕುತ್ತಾರೆ. ಹೊಟ್ಟೆಗೆ ಸಾಲದ್ದಕ್ಕೆ ಮಾತ್ರ ಹೀಗಾಗುವುದಲ್ಲ. ಎತ್ತಿ ಆಡಿಸುವ ಕೈ ಸಾಲದಿದ್ದರೂ ಮಗು ಬೆಳೆಯುವುದಿಲ್ಲ.

ಇದು ಪ್ರಪಂಚಕ್ಕೆ ಸ್ಪಷ್ಟವಾಗಿ ಗೊತ್ತಾದದ್ದು ರೊಮೇನಿಯಾದಿಂದ. 1989ರ ಡಿಸೆಂಬರಿನಲ್ಲಿ ಅಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಳ್ವಿಕೆ ಬಿತ್ತು. ಸರ್ಕಾರಿ ಅನಾಥಾಲಯಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅಲ್ಲಿಗೆ ಹೋದವರು ಹೇಳಿದ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಸಾಲು ಸಾಲು ತೊಟ್ಟಿಲು, ಆದರೆ ಸದ್ದೇ ಇಲ್ಲ. ಅತ್ತರೆ ಯಾರೂ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಕೂಸು ಅಳುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಬ್ರಿಟನ್ನಿಗೆ ದತ್ತು ಬಂದ 165 ಮಕ್ಕಳನ್ನು ಮಕ್ಕಳ ಮನೋವೈದ್ಯ ಮೈಕೆಲ್ ರಟರ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಗಮನಿಸಿದರು. ಆರು ತಿಂಗಳು ತುಂಬುವ ಮೊದಲೇ ಬಂದ ಮಕ್ಕಳು ಹೆಚ್ಚುಕಮ್ಮಿ ಉಳಿದ ಮಕ್ಕಳಂತೆಯೇ ಬೆಳೆದರು. ತಡವಾಗಿ ಬಂದವರಲ್ಲಿ ಕೆಲವರಿಗೆ ತೊಂದರೆ ಉಳಿಯಿತು. ಎಲ್ಲರಿಗೂ ಅಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ತಡವಾಗಿ ಬಂದೂ ಚೆನ್ನಾಗಿ ಆದವರು ಆ ಗುಂಪಿನಲ್ಲೇ ಇದ್ದರು.

ಮೊದಲ ದಿನ ಇದನ್ನು ತಿಳಿದುಕೊಂಡು ಏನು ಮಾಡುವುದು ಅಂತೀರಾ? ಮಗುವಿನ ಮುಖ ಓದುವುದಕ್ಕೆ ಬೇಕು. ಮಗು ಕಿರುಚಿ ಕೈ ಕೊಸರಿಕೊಂಡು ಓಡಿದರೆ ನಮಗೆ ಎದೆ ಒಡೆದ ಹಾಗಾಗುತ್ತದೆ. ಆದರೆ ಅದಕ್ಕೆ ಅರ್ಥ, ಆ ಮಗುವಿಗೆ ಯಾರೋ ಒಬ್ಬರು ಬೇಕಾದವರು ಇದ್ದರು ಅಂತ. ಒಬ್ಬರನ್ನು ಹಚ್ಚಿಕೊಂಡ ಮಗು ಇನ್ನೊಬ್ಬರನ್ನೂ ಹಚ್ಚಿಕೊಳ್ಳುತ್ತದೆ. ಮಗು ಮರದ ಹಾಗೆ ಕೂತುಬಿಟ್ಟರೆ, ಕಣ್ಣು ಕೊಡದೆ ನಿದ್ದೆ ಹೋದರೆ, ಅದು ಶಾಂತ ಸ್ವಭಾವ ಅಲ್ಲ, ಹೆದರಿಕೆ. ಇನ್ನು ಕೆಲವು ಮಕ್ಕಳು ನೋಡಿದ ತಕ್ಷಣ ಓಡಿ ಬಂದು ತಬ್ಬಿಕೊಳ್ಳುತ್ತವೆ. ‘ನೋಡಿ, ಹೇಗೆ ಗುರುತು ಹಿಡಿತು!’ ಅಂತ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಮಗು ಡ್ರೈವರನ್ನೂ ಹಾಗೇ ತಬ್ಬಿಕೊಳ್ಳುತ್ತದೆ. ಯಾರು ಸಿಕ್ಕರೂ ಹಿಡಿದುಕೋ ಅಂತ ಬದುಕು ಅದಕ್ಕೆ ಕಲಿಸಿದೆ. ಅದನ್ನು ತಪ್ಪು ಅಂತ ತಿದ್ದಲು ಹೋಗಬೇಡಿ. ನೀವೇ ಎತ್ತಿ, ನೀವೇ ಉಣಿಸಿ, ನೀವೇ ಮಲಗಿಸಿ. ಇವರು ಬೇರೆ, ಉಳಿದವರು ಬೇರೆ ಅಂತ ಅದಕ್ಕೆ ದಿನಾ ದಿನಾ ಗೊತ್ತಾಗುತ್ತಾ ಹೋಗುತ್ತದೆ.

ಅಪ್ಪ ಅಮ್ಮಂದಿರಲ್ಲಿ ಒಬ್ಬರನ್ನು ಮಾತ್ರ ಹಚ್ಚಿಕೊಂಡು ಇನ್ನೊಬ್ಬರನ್ನು ಕಂಡರೆ ಚೀರುವುದು ತುಂಬಾ ಸಾಮಾನ್ಯ. ಮಹಿಳೆಯರೇ ಇರುವ ಕಡೆ ಬೆಳೆದ ಮಗು ಗಡ್ಡದ ಗಂಡಸನ್ನು ಹತ್ತಿರದಿಂದ ನೋಡಿಯೇ ಇರುವುದಿಲ್ಲ. ನಮ್ಮಲ್ಲಿ ತಿರುಗಾಮುರುಗಾ ಆಯಿತು. ಅವನು ನಮ್ಮ ಮನೆಯವರನ್ನು ಹಚ್ಚಿಕೊಂಡ, ನನ್ನನ್ನು ಎರಡು ವಾರ ಹತ್ತಿರ ಬಿಡಲಿಲ್ಲ. ಬಿಟ್ಟುಹೋದವಳ ಜಾಗಕ್ಕೆ ನಾನು ಬಂದಿದ್ದೆ ಅಲ್ವಾ. ಆಗ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ನಿಮಗೂ ಹಾಗಾದರೆ ಅಳಿ, ಆದರೆ ಮಗುವಿನ ಎದುರು ನೊಂದುಕೊಂಡ ಮುಖ ತೋರಿಸಬೇಡಿ. ನಮ್ಮನ್ನು ಸಮಾಧಾನ ಮಾಡುವುದು ಅದರ ಕೆಲಸ ಅಲ್ಲ.

ಭಾಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕನ್ನಡದಲ್ಲೇ ಮುಳುಗಿ ಬದುಕುವ ನಮಗೆ ಇದು ಅರ್ಥವಾಗಬೇಕು. ಒಂದು ಬೆಳಿಗ್ಗೆ ಎದ್ದಾಗ ಸುತ್ತ ಯಾರೂ ನಿಮ್ಮ ಮಾತು ಆಡುತ್ತಿಲ್ಲ, ನೀವು ಬಾಯಾರಿಕೆ ಅಂದರೆ ನಕ್ಕು ತಲೆ ಸವರುತ್ತಾರೆ. ಹೇಗಿರುತ್ತದೆ? ಹೋಗುವ ಮುಂಚೆ ಆ ಮಗುವಿನ ಭಾಷೆಯ ಇಪ್ಪತ್ತು ಮೂವತ್ತು ಮಾತು ಕಲಿಯಿರಿ. ‘ನಿನ್ನನ್ನು ಪ್ರೀತಿಸ್ತೀನಿ’ ಅನ್ನುವುದನ್ನು ಆಮೇಲೆ ಕಲಿತರಾಯಿತು. ಮೊದಲು ಬೇಕಾಗುವುದು: ಎಲ್ಲಿ ನೋವು? ನೀರು ಬೇಕಾ? ಉಚ್ಚೆ ಬಂತಾ? ಸಾಕಾ, ಇನ್ನೂ ಬೇಕಾ? ಹೆದರಬೇಡ. ನಾನು ಇಲ್ಲೇ ಇದ್ದೀನಿ. ಉಚ್ಚಾರ ತಪ್ಪಾದರೆ ಆಗಲಿ. ನಾನು ‘ಸಾಕಾ’ ಅನ್ನುವುದನ್ನು ಅವನ ಭಾಷೆಯಲ್ಲಿ ಕೇಳಿದಾಗ ಅವನು ಚಮಚ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದ. ಅವನು ನನ್ನನ್ನು ಮೊದಲು ನೋಡಿದ್ದು ಅವಾಗ.

ಆ ಭಾಷೆ ಬೇಗ ಹೋಗಿಬಿಡುತ್ತದೆ. ನಮ್ಮವನಿಗೆ ಐದಾರು ತಿಂಗಳು ಹಿಡಿಯಿತು, ಅಷ್ಟೇ. ಪೂರ್ತಿ ಹೋಗುತ್ತದಾ ಅನ್ನುವುದರ ಬಗ್ಗೆ ಅಧ್ಯಯನಗಳಿವೆ. ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿ ಬೆಳೆದವರ ಮಿದುಳನ್ನು ನೋಡಿ, ಕೊರಿಯನ್ ಭಾಷೆಯ ಕುರುಹೇ ಕಾಣುತ್ತಿಲ್ಲ ಅಂತ 2003ರಲ್ಲಿ ಹೇಳಿದರು. 2014ರಲ್ಲಿ ಕೆನಡಾದಲ್ಲಿ ಇನ್ನೊಂದು ಅಧ್ಯಯನ ಬಂತು. ಒಂದು ವರ್ಷದ ಆಸುಪಾಸಿನಲ್ಲಿ ಚೀನಾದಿಂದ ಬಂದು ಫ್ರೆಂಚ್ ಮಾತ್ರ ಬಲ್ಲ ಹುಡುಗಿಯರಿಗೆ ಚೀನೀ ಸ್ವರಗಳನ್ನು, ಅಂದರೆ ಆ ಭಾಷೆಯ ದನಿಯ ಏರಿಳಿತಗಳನ್ನು, ಕೇಳಿಸಿದರು. ಅವರಿಗೆ ಒಂದು ಮಾತೂ ಅರ್ಥವಾಗುವುದಿಲ್ಲ. ಆದರೂ ಚೀನೀ ಬಲ್ಲವರ ಮಿದುಳು ಆ ಸ್ವರಕ್ಕೆ ಹೇಗೆ ಸ್ಪಂದಿಸುತ್ತದೋ ಅವರದೂ ಹಾಗೇ ಸ್ಪಂದಿಸಿತು. ನಾನು ಇದನ್ನು ಓದಿದ ದಿನ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಯಾರೋ ಒಬ್ಬರು ಅವಳನ್ನು ಎತ್ತಿಕೊಂಡು ಏನೋ ಗುನುಗಿದ್ದಾರೆ. ಅದು ಒಳಗೆಲ್ಲೋ ಇದೆ.

ಹೆಸರಿನ ವಿಷಯವೂ ಅಷ್ಟೇ. ಮೂರು ವರ್ಷದ ಮಗುವಿಗೆ ತನ್ನ ಹೆಸರು ಗೊತ್ತು. ಅದನ್ನು ಉಳಿಸಿ.

ಈಗ ಅಜ್ಜಿ ತಾತ, ಅತ್ತೆ ಮಾವ, ಚಿಕ್ಕಮ್ಮ ದೊಡ್ಡಮ್ಮಂದಿರಿಗೆ. ನಿಮಗೆ ಬೇಜಾರಾಗುವ ಮಾತು ಹೇಳುತ್ತಿದ್ದೇನೆ, ಕ್ಷಮಿಸಿ. ವಿಮಾನ ನಿಲ್ದಾಣಕ್ಕೆ ಎಲ್ಲರೂ ಬರಬೇಡಿ. ಬಲೂನು, ಹಾರ, ಕ್ಯಾಮೆರಾ ಯಾವುದೂ ಬೇಡ. ಮೊದಲ ಕೆಲವು ವಾರ ಮಗುವನ್ನು ನೀವು ಎತ್ತಿಕೊಳ್ಳಬೇಡಿ, ತುತ್ತು ಕೊಡಬೇಡಿ. ಮಗು ನಿಮ್ಮ ಕಡೆ ಕೈ ಚಾಚಿದರೂ ‘ಅಮ್ಮನ ಹತ್ತಿರ ಹೋಗು ಪುಟ್ಟಾ’ ಅಂತ ಹೇಳಿ ಕಳಿಸಿ. ನನ್ನ ಅತ್ತೆ ಇದನ್ನು ಅಕ್ಷರಶಃ ಪಾಲಿಸಿದರು. ಒಂದೂವರೆ ತಿಂಗಳು ದಿನಾ ಬಂದು, ಅಡುಗೆ ಮಾಡಿಟ್ಟು, ಬಾಗಿಲಲ್ಲೇ ನಿಂತು ಅವನನ್ನು ನೋಡಿ ಹೋಗುತ್ತಿದ್ದರು. ಮೊಮ್ಮಗನನ್ನು ಮುಟ್ಟದೆ ಅಷ್ಟು ದಿನ ಇದ್ದದ್ದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಮಗೆ ಯಾರೂ ಅದಕ್ಕಿಂತ ದೊಡ್ಡ ಸಹಾಯ ಮಾಡಿಲ್ಲ.

ಮತ್ತೆ ಎರಡು ಮಾತು ಆಡಬೇಡಿ. ಒಂದು, ‘ಇದರ ನಿಜವಾದ ಅಮ್ಮ ಯಾರು?’ ಕೇಳಲೇಬೇಕಿದ್ದರೆ ಹೆತ್ತಮ್ಮ ಅನ್ನಿ, ಅದೂ ಮಗುವಿನ ಎದುರು ಬೇಡ. ಎರಡು, ‘ಎಂಥ ಪುಣ್ಯ ಮಾಡಿತ್ತೋ, ಇಂಥ ಮನೆ ಸಿಕ್ಕಿತು.’ ಒಳ್ಳೇ ಮನಸ್ಸಿನಿಂದಲೇ ಹೇಳುತ್ತೀರಿ. ಆದರೆ ಹೆತ್ತಮ್ಮನನ್ನು, ಊರನ್ನು, ಮಾತನ್ನು ಕಳೆದುಕೊಂಡು ಬಂದ ಮಗುವಿಗೆ ಅದು ಹೇಗೆ ಕೇಳಿಸುತ್ತದೆ ಯೋಚನೆ ಮಾಡಿ.

ಕಾಗದಗಳ ಬಗ್ಗೆ ಒಂದೇ ಮಾತು. ಮಗುವಿನ ಮೂಲದ ಮಾಹಿತಿಯನ್ನು ಕಾಪಾಡಬೇಕು ಅಂತ ಆ ಹೇಗ್ ಒಪ್ಪಂದದಲ್ಲೇ ಇದೆ. ಅದನ್ನು ಸರ್ಕಾರಗಳಿಗೆ ಮಾತ್ರ ಬಿಡಬೇಡಿ. ಅವತ್ತು ಆ ಕೋಣೆಯಲ್ಲಿ ಇದ್ದವರ ಹೆಸರು ಬರೆದುಕೊಳ್ಳಿ. ಆಯಾ ಜೊತೆ ಒಂದು ಫೋಟೋ ತೆಗೆಸಿ. ಮಗು ಯಾವ ಪಕ್ಕಕ್ಕೆ ಮಲಗುತ್ತದೆ, ಏನು ಕಂಡರೆ ಹೆದರುತ್ತದೆ, ಯಾವ ಹಾಡಿಗೆ ನಿದ್ದೆ ಹೋಗುತ್ತದೆ, ಎಲ್ಲ ಕೇಳಿ. ನಾವು ಏನೂ ಕೇಳಲಿಲ್ಲ. ನನ್ನ ಮಗ ಈಗ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆಯಾ ಹೆಸರೂ ನಮಗೆ ಗೊತ್ತಿಲ್ಲ.

(ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು, ಅವನು ಮೊದಲ ಸಲ ಅಮ್ಮ ಅಂತ ಕರೆದದ್ದು ಯಾವಾಗ ಅಂತ ಕೇಳಿದರು.)

ಮೊದಲ ದಿನವೇ ಕರೆದ. ಅವನಿದ್ದ ಕಡೆ ಮಕ್ಕಳು ಎಲ್ಲ ಆಯಾಗಳನ್ನೂ ಅಮ್ಮ ಅಂತಲೇ ಕರೆಯುತ್ತಿದ್ದರು. ಅವನು ವಿಮಾನದಲ್ಲಿ ನೀರು ಕೊಟ್ಟವರನ್ನೂ ಅಮ್ಮ ಅಂದ. ಹಾಗಾಗಿ ಆ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಉದ್ಯಾನದಲ್ಲಿ ಓಡುತ್ತಾ ಬಿದ್ದ. ಅವನ ಹತ್ತಿರ ಇಬ್ಬರು ಹೆಂಗಸರು ಕೂತಿದ್ದರು, ಒಬ್ಬರು ಎತ್ತಲು ಕೈ ಚಾಚಿದರು. ಅವನು ಅವರನ್ನು ದಾಟಿ, ಹುಲ್ಲುಹಾಸು ದಾಟಿ, ನಾನು ಕೂತಿದ್ದ ಬೆಂಚಿನ ತನಕ ಬಂದ. ಅಮ್ಮ ಅಂತ ಅನ್ನಲಿಲ್ಲ, ಏನೂ ಅನ್ನಲಿಲ್ಲ. ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದ.